ಏಳು ತಿಂಗಳ ಕೂಸು: ಆಕ್ಸಿಜನ್, ಸ್ಟೀರಾಯ್ಡ್ ಮತ್ತು ಹೃದಯ

(ಮುಂಬೈನ ಮಾಟುಂಗದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ನವಜಾತ ಶಿಶುಗಳ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

2021ರ ಬೇಸಿಗೆಯಲ್ಲಿ ಮುಂಬೈನಲ್ಲಿದ್ದವರಿಗೆಲ್ಲ ಎರಡು ಔಷಧಿಗಳ ಹೆಸರು ಬಾಯಿಪಾಠವಾಗಿತ್ತು. ಒಂದು ಆಕ್ಸಿಜನ್. ಇನ್ನೊಂದು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು 'ಈಗ 94 ಇದೆ, ಈಗ 91 ಆಯ್ತು' ಎಂದು ಫೋನಿನಲ್ಲಿ ಹೇಳಿದವರು ಈ ಸಭೆಯಲ್ಲೇ ಬಹಳ ಜನ ಇದ್ದೀರಿ. ಅದರ ಹಿಂದಿನ ವರ್ಷ ಬ್ರಿಟನ್ನಿನಲ್ಲಿ ನಡೆದ ರಿಕವರಿ ಎಂಬ ಹೆಸರಿನ ಪ್ರಯೋಗ ಸ್ಪಷ್ಟ ಉತ್ತರ ಕೊಟ್ಟಿತ್ತು. ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳಿಗೆ ಡೆಕ್ಸಾಮೆಥಾಸೋನ್ ಕೊಟ್ಟರೆ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಬರೀ ಆಕ್ಸಿಜನ್ ಬೇಕಾದವರಲ್ಲಿ ಐದನೇ ಒಂದು ಭಾಗ. ಆಕ್ಸಿಜನ್ನೇ ಬೇಡದವರಿಗೆ? ಏನೂ ಲಾಭವಿಲ್ಲ. ಆದರೂ ನಮ್ಮಲ್ಲಿ ಜ್ವರ ಬಂದ ಮೊದಲ ದಿನವೇ ಅದನ್ನು ನುಂಗಿದವರಿದ್ದರು. ಕೆಲವರ ಸಕ್ಕರೆ ಏರಿತು. ಕಪ್ಪು ಶಿಲೀಂಧ್ರ ಎಂಬ ಸೋಂಕಿನ ಹೆಸರು ಮನೆಮನೆಗೆ ಬಂತು.

ಅಂದರೆ ಔಷಧಿ ಅದೇ. ಯಾರಿಗೆ, ಯಾವಾಗ, ಎಷ್ಟು ಎಂಬುದರ ಮೇಲೆ ಅದು ಜೀವ ಉಳಿಸಿತು ಅಥವಾ ಕೆಡಿಸಿತು.

ನಾನು ಇವತ್ತು ಮಾತಾಡುವುದು ಇದೇ ಎರಡು ಔಷಧಿಗಳ ಬಗ್ಗೆ. ಆದರೆ ರೋಗಿ ಬೇರೆ. ಒಂದು ಕಿಲೋ ತೂಕದ, ತಿಂಗಳು ತುಂಬುವ ಮೊದಲೇ ಹೊರಗೆ ಬಂದ ಕೂಸು. ಇಂಥ ಕೂಸಿಗೆ ಈ ಎರಡೂ ಬೇಕಾಗುತ್ತವೆ. ದೊಡ್ಡವರಿಗೆ ಹೋಲಿಸಿದರೆ ಇಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. ಯಾಕೆಂದರೆ ಈ ರೋಗಿಯ ಶ್ವಾಸಕೋಶ, ಕಣ್ಣು, ಮೂತ್ರಪಿಂಡ, ಹೃದಯ ಎಲ್ಲವೂ ಇನ್ನೂ ತಯಾರಾಗುತ್ತಿವೆ. ಇವತ್ತು ಕೊಟ್ಟ ಔಷಧಿಯ ಗುರುತು ಅವುಗಳ ಕಟ್ಟಡದಲ್ಲೇ ಉಳಿಯಬಹುದು. ಆ ಹೃದಯ ಇನ್ನು ಎಪ್ಪತ್ತು ಎಂಬತ್ತು ವರ್ಷ ಬಡಿಯಬೇಕು, ಅಲ್ವಾ?

ಇದು ಯಾರೋ ನಾಲ್ಕು ಜನರ ಸಮಸ್ಯೆಯಲ್ಲ. ಭಾರತದಲ್ಲಿ 2020ರಲ್ಲಿ ಸುಮಾರು 30 ಲಕ್ಷ ಮಕ್ಕಳು ಅವಧಿಗೆ ಮೊದಲೇ, ಅಂದರೆ 37 ವಾರ ತುಂಬುವ ಮುಂಚೆ ಹುಟ್ಟಿದರು. ಜಗತ್ತಿನ ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ. ಹಿಂದೆ ಇವರಲ್ಲಿ ಬಹಳ ಮಂದಿ ಉಳಿಯುತ್ತಿರಲಿಲ್ಲ. ಈಗ ಉಳಿಯುತ್ತಿದ್ದಾರೆ, ಶಾಲೆಗೆ ಹೋಗುತ್ತಿದ್ದಾರೆ, ಮದುವೆಯಾಗುತ್ತಿದ್ದಾರೆ. ಹಾಗಾಗಿಯೇ ಅವರ ನಲವತ್ತನೇ ವಯಸ್ಸಿನ ಹೃದಯದ ಬಗ್ಗೆ ಕೇಳುವ ಭಾಗ್ಯ ನಮಗೆ ಬಂದಿದೆ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಅಜ್ಜಿಯರು 'ಏಳು ತಿಂಗಳ ಕೂಸು ಉಳಿಯುತ್ತೆ, ಎಂಟು ತಿಂಗಳದ್ದು ಉಳಿಯಲ್ಲ' ಎನ್ನುತ್ತಿದ್ದರು. ಇವತ್ತಿಗೂ ನನ್ನ ವಾರ್ಡಿನ ಹೊರಗೆ ಈ ಮಾತು ಕೇಳಿಸುತ್ತದೆ. ಎಂಟಕ್ಕೆ ಹೆರಿಗೆಯಾದ ತಾಯಿ ಇದನ್ನು ಕೇಳಿ ಅಳುತ್ತಾ ಕೂರುತ್ತಾಳೆ. ದಯವಿಟ್ಟು ಇದನ್ನು ಬಿಟ್ಟುಬಿಡಿ. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಬಲ. ಎಂಟು ತಿಂಗಳ ಕೂಸಿಗೆ ಏಳು ತಿಂಗಳದ್ದಕ್ಕಿಂತ ಒಳ್ಳೆಯ ಅವಕಾಶವಿದೆ.

ಈಗ ಉಸಿರಿನ ವಿಷಯಕ್ಕೆ ಬರೋಣ. ನಮ್ಮ ಶ್ವಾಸಕೋಶದಲ್ಲಿ ಗಾಳಿಯ ಪುಟ್ಟ ಪುಟ್ಟ ಚೀಲಗಳಿವೆ. ಒಳಗಡೆ ತೆಳ್ಳಗೆ ಒಂದು ಜಿಡ್ಡಿನ ಪದರವಿದೆ, ಸರ್ಫ್ಯಾಕ್ಟಂಟ್ ಎನ್ನುತ್ತೇವೆ. ಅದು ಇದ್ದರೆ ಉಸಿರು ಬಿಟ್ಟಾಗ ಚೀಲ ಪೂರ್ತಿ ಮುದುಡಿಕೊಳ್ಳುವುದಿಲ್ಲ. ಬೇಗ ಹುಟ್ಟಿದ ಮಗುವಿನಲ್ಲಿ ಇದು ಸಾಕಷ್ಟು ಇರುವುದಿಲ್ಲ. ಪ್ರತಿ ಉಸಿರಿಗೂ ಮುದುಡಿದ ಚೀಲವನ್ನು ಮತ್ತೆ ಬಿಡಿಸಬೇಕು. ಕೂಸು ನರಳುತ್ತದೆ, ಪಕ್ಕೆಲುಬು ಒಳಗೆ ಸೆಳೆಯುತ್ತದೆ, ಕೆಲವು ಗಂಟೆಗಳಲ್ಲಿ ಸುಸ್ತಾಗುತ್ತದೆ. ಈ ಕೊರತೆಯನ್ನು 1959ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್. ಆದರೆ ಕಾರಣ ಗೊತ್ತಾದ ಮಾತ್ರಕ್ಕೆ ಮದ್ದು ಸಿಗಲಿಲ್ಲ. 1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲೇ ಹುಟ್ಟಿದ. ತೂಕ ಎರಡು ಕಿಲೋಗಿಂತ ಸ್ವಲ್ಪ ಜಾಸ್ತಿಯೇ ಇತ್ತು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಅವನನ್ನು ಹೆಚ್ಚಿನ ಒತ್ತಡದ ಆಕ್ಸಿಜನ್ ಕೋಣೆಯೊಳಗೆ ಇಟ್ಟರು. 39 ಗಂಟೆ ಬದುಕಿದ. ಇವತ್ತು ಅಷ್ಟೇ ತೂಕದ, ಅಷ್ಟೇ ವಾರದ ಮಗು ಮುಂಬೈನ ಸಯನ್ನಿನ ಸರ್ಕಾರಿ ಆಸ್ಪತ್ರೆಗೆ ಬಂದರೆ ನಾವು ಅದನ್ನು ಗಂಭೀರ ಕೇಸು ಎಂದು ಕರೆಯುವುದೇ ಅಪರೂಪ. ಅರವತ್ತು ವರ್ಷದಲ್ಲಿ ನಾವು ಬಂದ ದೂರ ಅದು.

ಆ ದಾರಿಯಲ್ಲಿ ಪಾಠಗಳೂ ಆದವು, ಬಹಳ ಕಹಿ ಪಾಠಗಳು. 1942ರಲ್ಲಿ ಬಾಸ್ಟನ್ನಿನ ಕಣ್ಣಿನ ವೈದ್ಯ ಟೆರಿ ಒಂದು ಹೊಸ ಕುರುಡುತನದ ಬಗ್ಗೆ ಬರೆದರು. ಬೇಗ ಹುಟ್ಟಿದ ಮಕ್ಕಳ ಕಣ್ಣಿನ ಒಳಪದರದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಪದರವೇ ಕಿತ್ತು ಬರುತ್ತಿತ್ತು. ವಿಚಿತ್ರವೆಂದರೆ ಒಳ್ಳೆಯ ಸೌಲಭ್ಯದ ಆಸ್ಪತ್ರೆಗಳಲ್ಲೇ ಇದು ಹೆಚ್ಚು. 1951ರಲ್ಲಿ ಮೆಲ್ಬರ್ನ್‌ನ ಕೇಟ್ ಕ್ಯಾಂಪ್‌ಬೆಲ್ ಎಂಬ ವೈದ್ಯೆ ಕಾರಣದತ್ತ ಬೆರಳು ತೋರಿಸಿದರು. ಎಗ್ಗಿಲ್ಲದೆ ಕೊಡುತ್ತಿದ್ದ ಆಕ್ಸಿಜನ್ನೇ ಕಾರಣ! ಆಮೇಲೆ ಅಮೆರಿಕದಲ್ಲಿ ಹಲವು ಆಸ್ಪತ್ರೆಗಳು ಸೇರಿ ಪರೀಕ್ಷೆ ಮಾಡಿ ಅದನ್ನು ಖಚಿತಪಡಿಸಿದವು. ಅಷ್ಟರಲ್ಲಿ ಜಗತ್ತಿನಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ದೃಷ್ಟಿ ಕಳೆದುಕೊಂಡಿದ್ದರು. ಗಾಯಕ ಸ್ಟೀವಿ ವಂಡರ್ ಗೊತ್ತಲ್ಲ? 1950ರಲ್ಲಿ ಬೇಗ ಹುಟ್ಟಿದವರು. ಅವರ ಕುರುಡುತನ ಇದೇ.

ಸರಿ, ಆಕ್ಸಿಜನ್ ಕಡಿಮೆ ಮಾಡಿದರೆ ಮುಗೀತಲ್ಲ ಎನಿಸುತ್ತದೆ. ಐವತ್ತರ ದಶಕದ ಕೊನೆಗೆ ಹಾಗೇ ಮಾಡಿದರು. ಕುರುಡುತನ ಇಳಿಯಿತು. ಆದರೆ ಉಸಿರಾಟದ ಕಷ್ಟದಲ್ಲಿ ಸಾಯುವ ಮಕ್ಕಳು ಹೆಚ್ಚಾದರು. 1973ರಲ್ಲಿ ಬ್ರಿಟನ್ನಿನ ಕೆನೆತ್ ಕ್ರಾಸ್ ಲೆಕ್ಕ ಹಾಕಿ ಹೇಳಿದರು: ಒಂದು ಮಗುವಿನ ಕಣ್ಣು ಉಳಿಸಲು ಸುಮಾರು ಹದಿನಾರು ಮಕ್ಕಳು ಜೀವ ತೆತ್ತಿರಬಹುದು. ಇದನ್ನು ನಾನು ಪ್ರತಿ ಹೊಸ ಬ್ಯಾಚಿನ ಕಿರಿಯ ವೈದ್ಯರಿಗೆ ಹೇಳುತ್ತೇನೆ. ಜಾಸ್ತಿ ಕೊಟ್ಟರೂ ತೊಂದರೆ, ಕಡಿಮೆ ಕೊಟ್ಟರೂ ತೊಂದರೆ. ನಡುವಿನ ದಾರಿ ಬಹಳ ಇಕ್ಕಟ್ಟು.

ಎಷ್ಟು ಇಕ್ಕಟ್ಟು ಎಂದು 2010ರಲ್ಲಿ ಗೊತ್ತಾಯಿತು. ಸಪೋರ್ಟ್ ಎಂಬ ಅಮೆರಿಕದ ಪ್ರಯೋಗದಲ್ಲಿ 24ರಿಂದ 27 ವಾರಕ್ಕೆ ಹುಟ್ಟಿದ 1316 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಆಕ್ಸಿಮೀಟರ್ ಗುರಿ 85ರಿಂದ 89. ಇನ್ನೊಂದರದ್ದು 91ರಿಂದ 95. ಕಡಿಮೆ ಗುರಿಯ ಗುಂಪಿನಲ್ಲಿ ತೀವ್ರ ಕಣ್ಣಿನ ರೋಗ ಶೇಕಡಾ 8.6. ಹೆಚ್ಚು ಗುರಿಯವರಲ್ಲಿ 17.9. ಹಾಗಾದರೆ ಕಡಿಮೆಯೇ ಒಳ್ಳೆಯದು ಎನ್ನಬೇಕು. ಆದರೆ ಸಾವು ನೋಡಿ. ಕಡಿಮೆ ಗುರಿಯಲ್ಲಿ ಶೇಕಡಾ 19.9, ಹೆಚ್ಚು ಗುರಿಯಲ್ಲಿ 16.2. ಆಕ್ಸಿಮೀಟರಿನಲ್ಲಿ ಐದಾರು ಅಂಕಿಯ ವ್ಯತ್ಯಾಸ ಅಷ್ಟೆ! ಈಗ ನಾವು ಸಾಮಾನ್ಯವಾಗಿ 90ರಿಂದ 95ರ ನಡುವೆ ಇಡಲು ಪ್ರಯತ್ನಿಸುತ್ತೇವೆ. ಕೂಸಿಗೆ 100 ತೋರಿಸಿದರೆ ಮನೆಯವರಿಗೆ ಖುಷಿ. 'ಡಾಕ್ಟ್ರೇ, ಫುಲ್ ಇದೆ' ಎನ್ನುತ್ತಾರೆ. ನಮಗೆ ಗಾಬರಿ. ಆಕ್ಸಿಜನ್ ಹಚ್ಚಿದ ಮಗುವಿಗೆ 100 ಬಂದರೆ ನರ್ಸ್ ಓಡಿ ಬಂದು ಪ್ರಮಾಣ ಇಳಿಸುವುದು ಅದಕ್ಕೇ.

ಗರ್ಭದಲ್ಲಿ ಮಗು ಎಷ್ಟು ಕಡಿಮೆ ಆಕ್ಸಿಜನ್ನಿನಲ್ಲಿ ಬೆಳೆಯುತ್ತದೆ ಎಂದು ತಿಳಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಅದರ ರಕ್ತದಲ್ಲಿ ಆಕ್ಸಿಜನ್ ಒತ್ತಡ ನಮ್ಮ ನಿಮ್ಮದರ ಮೂರನೇ ಒಂದು ಭಾಗದಷ್ಟು ಮಾತ್ರ. ಆರೋಗ್ಯವಂತ ಮಗುವೂ ಹುಟ್ಟಿದ ಒಂದು ನಿಮಿಷಕ್ಕೆ ಆಕ್ಸಿಮೀಟರಿನಲ್ಲಿ 60ರ ಆಸುಪಾಸಿನಲ್ಲಿರುತ್ತದೆ. 90 ಮುಟ್ಟಲು ಹತ್ತು ನಿಮಿಷ ಹಿಡಿಯಬಹುದು. ಹಿಂದೆ ಅಳದ ಮಗುವಿಗೆ ತಕ್ಷಣ ಶುದ್ಧ ಆಕ್ಸಿಜನ್ ಹಾಕುತ್ತಿದ್ದರು. ಅದು ಬೇಕೇ ಎಂಬ ಪ್ರಶ್ನೆ ಎತ್ತಿದವರು ನಾರ್ವೆಯ ಓಲಾ ಸೌಗ್‌ಸ್ಟಾಡ್. ಮನುಷ್ಯರ ಮಕ್ಕಳಲ್ಲಿ ಮೊದಲು ಪರೀಕ್ಷಿಸಿದವರು ದೆಹಲಿಯ ಡಾ. ರಾಮ್‌ಜಿ ಮತ್ತು ಅವರ ತಂಡ, 1993ರಲ್ಲಿ. ಆಮೇಲೆ ಹಲವು ದೇಶಗಳಲ್ಲಿ ನಡೆದ ದೊಡ್ಡ ಪ್ರಯೋಗದಲ್ಲೂ ಭಾರತದ ಮಕ್ಕಳೇ ಹೆಚ್ಚು. ಅವಧಿ ತುಂಬಿದ ಮಗುವಿಗೆ ಸಾಮಾನ್ಯ ಗಾಳಿಯಿಂದ ಉಸಿರು ಕೊಟ್ಟರೆ ಸಾವು ಕಡಿಮೆ ಎಂದು ಗೊತ್ತಾಯಿತು. 2010ರ ಹೊತ್ತಿಗೆ ಜಗತ್ತಿನ ನಿಯಮವೇ ಬದಲಾಯಿತು. ಇದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ. ನಮ್ಮ ಸರ್ಕಾರಿ ಹೆರಿಗೆ ಕೋಣೆಗಳಿಂದ ಬಂದ ಜ್ಞಾನ ಅದು.

ಕಣ್ಣಿನ ವಿಷಯ ಬಿಡುವ ಮೊದಲು ಮುಂಬೈ ಕನ್ನಡಿಗರಿಗಾಗಿಯೇ ಒಂದು ಮಾತು. ನಮ್ಮಲ್ಲಿ ಮಗು ಡಿಸ್ಚಾರ್ಜ್ ಆದ ಕೂಡಲೇ ಬಾಣಂತನಕ್ಕೆ ಊರಿಗೆ ಹೊರಡುತ್ತಾರೆ. ಮತ್ಸ್ಯಗಂಧ ರೈಲು ಹತ್ತಿ ಉಡುಪಿಗೋ, ಬಸ್ಸಿನಲ್ಲಿ ವಿಜಯಪುರಕ್ಕೋ ಹೋಗುತ್ತಾರೆ. ಹೋಗಿ, ಬೇಡ ಎನ್ನುವುದಿಲ್ಲ. ಆದರೆ 34 ವಾರಕ್ಕೆ ಮೊದಲು ಅಥವಾ ಎರಡು ಕಿಲೋಗಿಂತ ಕಡಿಮೆ ಹುಟ್ಟಿದ ಮಗುವಿನ ಕಣ್ಣಿನ ಒಳಪದರವನ್ನು 30 ದಿನ ತುಂಬುವುದರೊಳಗೆ ತೋರಿಸಲೇಬೇಕು. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗೇ ಕಾಣುತ್ತದೆ. ಊರಿಗೆ ಹೋಗಿ ಮೂರು ತಿಂಗಳ ನಂತರ ಬಂದರೆ ಸಮಯ ಮೀರಿರಬಹುದು. ಕರ್ನಾಟಕದಲ್ಲಿ 2008ರಿಂದ ಕಿಡ್ರಾಪ್ ಎಂಬ ಯೋಜನೆ ಇದೆ, ಬೆಂಗಳೂರಿನ ನಾರಾಯಣ ನೇತ್ರಾಲಯದ್ದು. ತರಬೇತಾದ ಸಿಬ್ಬಂದಿ ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೆ ಹೋಗಿ ಕೂಸಿನ ಕಣ್ಣಿನ ಚಿತ್ರ ತೆಗೆಯುತ್ತಾರೆ, ವೈದ್ಯರು ದೂರದಿಂದಲೇ ನೋಡುತ್ತಾರೆ. ಊರಿಗೆ ಹೋಗುವ ಮೊದಲೇ ಅಲ್ಲಿ ಎಲ್ಲಿ ತೋರಿಸಬೇಕು ಎಂದು ಕೇಳಿಟ್ಟುಕೊಳ್ಳಿ.

ಈಗ ಸ್ಟೀರಾಯ್ಡ್. ಇಲ್ಲಿ ದಯವಿಟ್ಟು ಎರಡು ಬೇರೆ ಬೇರೆ ಸಂಗತಿಗಳನ್ನು ಮನಸ್ಸಿನಲ್ಲಿಡಿ. ಹೆರಿಗೆಗೆ ಮೊದಲು ತಾಯಿಗೆ ಕೊಡುವ ಇಂಜೆಕ್ಷನ್ ಒಂದು. ಹುಟ್ಟಿದ ಮೇಲೆ ಮಗುವಿಗೇ ಕೊಡುವುದು ಇನ್ನೊಂದು. ಜನ ಎರಡನ್ನೂ ಒಂದೇ ಮಾಡಿ ಹೆದರುತ್ತಾರೆ.

ಮೊದಲನೆಯದು ನ್ಯೂಜಿಲೆಂಡಿನ ಕುರಿ ದೊಡ್ಡಿಯಿಂದ ಬಂತು. ಆಕ್ಲೆಂಡಿನ ಲಿಗಿನ್ಸ್ ಎಂಬ ವೈದ್ಯ ಹೆರಿಗೆ ನೋವು ಹೇಗೆ ಶುರುವಾಗುತ್ತದೆ ಎಂದು ಹುಡುಕುತ್ತಿದ್ದರು. ಗರ್ಭದ ಕುರಿಮರಿಗೆ ಡೆಕ್ಸಾಮೆಥಾಸೋನ್ ಕೊಟ್ಟರು. ಮರಿ ಬಹಳ ಬೇಗ ಹುಟ್ಟಿತು. ಲೆಕ್ಕದ ಪ್ರಕಾರ ಅದು ಉಸಿರಾಡಲೇಬಾರದು. ಆದರೆ ಉಸಿರಾಡಿತು. ಶ್ವಾಸಕೋಶ ನೋಡಿದರೆ ಗಾಳಿ ತುಂಬಿಕೊಂಡಿದೆ! 1969ರಲ್ಲಿ ಇದನ್ನು ಪ್ರಕಟಿಸಿದರು. ಮಕ್ಕಳ ವೈದ್ಯ ರಾಸ್ ಹೋವಿ ಜೊತೆ ಸೇರಿ 282 ತಾಯಂದಿರಲ್ಲಿ ಪ್ರಯೋಗ ಮಾಡಿ 1972ರಲ್ಲಿ ಫಲಿತಾಂಶ ಕೊಟ್ಟರು. ಬೀಟಾಮೆಥಾಸೋನ್ ಎಂಬ ಅದೇ ಜಾತಿಯ ಸ್ಟೀರಾಯ್ಡ್ ಪಡೆದ ತಾಯಂದಿರ ಮಕ್ಕಳಲ್ಲಿ ಉಸಿರಾಟದ ರೋಗ ಕಡಿಮೆ, ಸಾವು ಕಡಿಮೆ. ಇಷ್ಟು ಸ್ಪಷ್ಟವಾಗಿದ್ದರೂ ಅಮೆರಿಕದಲ್ಲಿ ಎಲ್ಲ ಕಡೆ ಬಳಸಿ ಎಂದು ತಜ್ಞರ ಸಭೆ ಹೇಳಿದ್ದು 1994ರಲ್ಲಿ. ನಡುವಿನ ಇಪ್ಪತ್ತು ವರ್ಷಗಳಲ್ಲಿ ಉಳಿಸಬಹುದಾಗಿದ್ದ ಎಷ್ಟು ಕೂಸುಗಳು ಹೋದವೋ! ವೈದ್ಯಕೀಯ ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಲಾಂಛನದಲ್ಲಿರುವ ಅಡ್ಡಗೆರೆಗಳು ಇದೇ ಸ್ಟೀರಾಯ್ಡ್ ಪ್ರಯೋಗಗಳ ಲೆಕ್ಕ.

ಈ ಔಷಧಿ ಮಾಡುವುದೇನು? ನಾವು ಹಣ್ಣಾಗದ ಮಾವಿನಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿ ಅಡೆ ಹಾಕುತ್ತೇವಲ್ಲ, ಹಾಗೆ. ಕಾಯಿ ಬೇಗ ಹಣ್ಣಾಗುತ್ತದೆ. ಆದರೆ ಗಾತ್ರ ಅಷ್ಟಕ್ಕೇ ನಿಲ್ಲುತ್ತದೆ. ಸ್ಟೀರಾಯ್ಡ್ ಕೂಡ ಅಂಗಗಳಿಗೆ 'ಬೆಳೆದದ್ದು ಸಾಕು, ಈಗ ಮಾಗು' ಎನ್ನುತ್ತದೆ. ಶ್ವಾಸಕೋಶಕ್ಕೆ ಆ ಹೊತ್ತಿಗೆ ಬೇಕಾದ್ದು ಅದೇ. ಉಳಿದ ಅಂಗಗಳಿಗೂ ಅದೇ ಆಜ್ಞೆ ತಲುಪುತ್ತದೆ ಎನ್ನುವುದು ಇವತ್ತಿನ ಮಾತಿನ ತಿರುಳು.

ನಮ್ಮ ದೇಶದಲ್ಲಿ ತಾಯಿಗೆ ಡೆಕ್ಸಾಮೆಥಾಸೋನ್ 6 ಮಿಲಿಗ್ರಾಂನಂತೆ ಹನ್ನೆರಡು ಗಂಟೆಗೊಮ್ಮೆ ನಾಲ್ಕು ಸಲ ಕೊಡುತ್ತಾರೆ. ಬೆಲೆ ಕೆಲವೇ ರೂಪಾಯಿ. ಆದರೆ ಇಲ್ಲೂ ಒಂದು ಎಚ್ಚರ ಬೇಕು. ಅದನ್ನು ಕಲಿಸಿದ್ದರಲ್ಲಿ ನಮ್ಮ ಬೆಳಗಾವಿಯ ಪಾಲಿದೆ. 2015ರಲ್ಲಿ ಆಕ್ಟ್ ಎಂಬ ಪ್ರಯೋಗದ ಫಲಿತಾಂಶ ಬಂತು. ಆರು ದೇಶಗಳಲ್ಲಿ ನಡೆದಿತ್ತು, ಭಾರತದಲ್ಲಿ ಬೆಳಗಾವಿ ಮತ್ತು ನಾಗ್ಪುರ. ಹಳ್ಳಿಗಳಲ್ಲಿ, ವಾರಗಳ ಲೆಕ್ಕ ಸರಿಯಾಗಿ ಸಿಗದ ಕಡೆ ಈ ಇಂಜೆಕ್ಷನ್ ಹರಡಿದಾಗ ನವಜಾತ ಮಕ್ಕಳ ಒಟ್ಟು ಸಾವು ಇಳಿಯಲಿಲ್ಲ, ಸ್ವಲ್ಪ ಏರಿತು. ಬೇಕಿಲ್ಲದ ಬಹಳ ತಾಯಂದಿರಿಗೂ ಅದು ಸಿಕ್ಕಿತ್ತು. ಎಲ್ಲರಿಗೂ ದಿಗಿಲಾಯಿತು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಆಸ್ಪತ್ರೆಗಳಲ್ಲಿ ಇನ್ನೊಂದು ಪ್ರಯೋಗ ಮಾಡಿತು. ಬೆಳಗಾವಿ ಅದರಲ್ಲೂ ಇತ್ತು. ಈ ಸಲ ಸ್ಕ್ಯಾನ್ ಮಾಡಿ ವಾರ ಖಚಿತಪಡಿಸಿಕೊಂಡರು. ಹೆರಿಗೆ ಹತ್ತಿರವಿದೆ ಎಂದು ಗೊತ್ತಿದ್ದವರಿಗೆ, ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಇರುವ ಕಡೆ ಮಾತ್ರ ಕೊಟ್ಟರು. 2020ರಲ್ಲಿ ಉತ್ತರ ಬಂತು. ಸಾವು ಶೇಕಡಾ 23.5ರಿಂದ 19.6ಕ್ಕೆ ಇಳಿದಿತ್ತು. ಅದೇ ಇಂಜೆಕ್ಷನ್, ಅದೇ ಬೆಳಗಾವಿ.

ಹುಟ್ಟಿದ ಮೇಲೆ ಮಗುವಿಗೆ ಕೊಡುವ ಸ್ಟೀರಾಯ್ಡ್ ಕತೆ ಬೇರೆ. ಬಹಳ ದಿನ ವೆಂಟಿಲೇಟರ್ ಮತ್ತು ಹೆಚ್ಚು ಆಕ್ಸಿಜನ್ ಮೇಲಿದ್ದ ಮಕ್ಕಳ ಶ್ವಾಸಕೋಶ ಗಾಯಗೊಂಡು ಗಡುಸಾಗುತ್ತದೆ. 1967ರಲ್ಲಿ ನಾರ್ತ್‌ವೇ ಎಂಬ ಅಮೆರಿಕದ ವೈದ್ಯ ಇದನ್ನು ವಿವರಿಸಿದರು. ಇಂಥ ಮಕ್ಕಳಿಗೆ ಡೆಕ್ಸಾಮೆಥಾಸೋನ್ ಕೊಟ್ಟರೆ ಎರಡು ಮೂರು ದಿನದಲ್ಲಿ ವೆಂಟಿಲೇಟರ್ ತೆಗೆಯುವಷ್ಟು ಸುಧಾರಣೆ. ಎಂಬತ್ತು ತೊಂಬತ್ತರ ದಶಕದಲ್ಲಿ ಜಗತ್ತಿನ ತುಂಬ ಕೊಟ್ಟರು. ಕೆಲವು ಕಡೆ 42 ದಿನ! ಇಷ್ಟು ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಮಗುವಿನ ಬಿಪಿ ಏರುತ್ತಿತ್ತು, ಸಕ್ಕರೆ ಏರುತ್ತಿತ್ತು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿ ನೋಡಿದರೆ ಕೆಲವರಲ್ಲಿ ಹೃದಯದ ಸ್ನಾಯು ದಪ್ಪಗಾಗಿತ್ತು. ಔಷಧಿ ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಅದು ಇಳಿಯುತ್ತಿತ್ತು. ಹಾಗಾಗಿ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಕೈ ತಡೆದದ್ದು ಮೆದುಳಿನ ಸುದ್ದಿ. ಹುಟ್ಟಿದ ಕೆಲವೇ ಗಂಟೆಯಲ್ಲಿ ಶುರು ಮಾಡಿದ ಮಕ್ಕಳಲ್ಲಿ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ಹಾನಿಯಿಂದ ಕೈಕಾಲು ಹಿಡಿತಕ್ಕೆ ಸಿಗದಿರುವುದು, ಹೆಚ್ಚು ಕಂಡಿತು. ತೈವಾನಿನಲ್ಲಿ ಅಂಥ ಮಕ್ಕಳನ್ನು ಶಾಲೆಯ ವಯಸ್ಸಿನಲ್ಲಿ ಪರೀಕ್ಷಿಸಿದಾಗ ಎತ್ತರ, ಕೈಕಾಲಿನ ಹಿಡಿತ, ಬುದ್ಧಿಮಟ್ಟ ಎಲ್ಲ ಕಡಿಮೆ ಇತ್ತು. 2002ರಲ್ಲಿ ಅಮೆರಿಕ ಮತ್ತು ಕೆನಡಾದ ಮಕ್ಕಳ ವೈದ್ಯರ ಸಂಘಗಳು ವಾಡಿಕೆಯಾಗಿ ಕೊಡಬೇಡಿ ಎಂದವು.

ಈಗ ನಾವು ಕೊಡುವುದೇ ಇಲ್ಲವೇ? ಕೊಡುತ್ತೇವೆ. ವೆಂಟಿಲೇಟರ್ ಬಿಡಲು ಆಗದೇ ಇರುವ, ಬೇರೆ ದಾರಿಯಿಲ್ಲದ ಮಗುವಿಗೆ, ಮೊದಲ ವಾರ ಕಳೆದ ಮೇಲೆ, ಸಣ್ಣ ಪ್ರಮಾಣದಲ್ಲಿ, ಹತ್ತು ದಿನದ ಆಸುಪಾಸು. ಶ್ವಾಸಕೋಶ ಕೆಡುವ ಅಪಾಯವೇ ಬಹಳ ದೊಡ್ಡದಿದ್ದಾಗ ಔಷಧಿಯ ಅಪಾಯ ತೂಕದಲ್ಲಿ ಕಡಿಮೆಯಾಗುತ್ತದೆ. ಫ್ರಾನ್ಸಿನಲ್ಲಿ ಹೈಡ್ರೋಕಾರ್ಟಿಸೋನ್ ಎಂಬ ಮೆದುವಾದ ಸ್ಟೀರಾಯ್ಡನ್ನು ಹುಟ್ಟಿದ ಕೂಡಲೇ ಸಣ್ಣ ಪ್ರಮಾಣದಲ್ಲಿ ಕೊಟ್ಟು ಒಳ್ಳೆಯ ಫಲಿತಾಂಶ ಪಡೆದಿದ್ದಾರೆ.

ಹೃದಯಕ್ಕೆ ಬರೋಣ. ಮನುಷ್ಯನ ಹೃದಯದ ಸ್ನಾಯುವಿನ ಕೋಶಗಳು ಮುಖ್ಯವಾಗಿ ಗರ್ಭದಲ್ಲೇ ಸಂಖ್ಯೆಯಲ್ಲಿ ಹೆಚ್ಚುತ್ತವೆ. ಹುಟ್ಟುವ ಹೊತ್ತಿಗೆ ಆ ಕೆಲಸ ಹೆಚ್ಚುಕಡಿಮೆ ಮುಗಿಯುತ್ತದೆ. ಆಮೇಲೆ ಹೃದಯ ದೊಡ್ಡದಾಗುವುದು ಇದ್ದ ಕೋಶಗಳೇ ದಪ್ಪಗಾಗಿ. ಅಂದರೆ ಎಷ್ಟು ಕೋಶಗಳ ಬಂಡವಾಳ ಎಂಬುದು ಮೊದಲೇ ನಿರ್ಧಾರವಾಗುತ್ತದೆ. ಏಳನೇ ತಿಂಗಳಲ್ಲಿ ಈ ಎಣಿಕೆ ಇನ್ನೂ ನಡೆಯುತ್ತಿರುತ್ತದೆ. ಆಗ ಸ್ಟೀರಾಯ್ಡ್ ಬಂದು 'ಮಾಗು' ಎಂದರೆ?

ಇಲಿ ಮರಿಗಳು ಈ ಪ್ರಶ್ನೆಗೆ ಉತ್ತರ ಕೊಟ್ಟವು. ಹುಟ್ಟಿದ ಹೊಸದರಲ್ಲಿ ಇಲಿಮರಿಯ ಹೃದಯ ನಮ್ಮ ಬೇಗ ಹುಟ್ಟಿದ ಕೂಸಿನ ಹಂತದಲ್ಲೇ ಇರುತ್ತದೆ. ನೆದರ್‌ಲೆಂಡ್ಸಿನ ಉಟ್ರೆಕ್ಟ್ ತಂಡ ಮೊದಲ ಮೂರು ದಿನ ಡೆಕ್ಸಾಮೆಥಾಸೋನ್ ಕೊಟ್ಟು ಮರಿಗಳನ್ನು ಜೀವಮಾನವಿಡೀ ನೋಡಿತು. ಹೃದಯದಲ್ಲಿ ಕೋಶಗಳ ಸಂಖ್ಯೆ ಕಡಿಮೆ. ಉಳಿದವು ಹಿಗ್ಗಿ ಕೆಲಸ ತೂಗಿಸುತ್ತಿದ್ದವು. ಮೂತ್ರಪಿಂಡ ಹಾಳಾಗಿತ್ತು. ಆಯಸ್ಸೂ ಕಡಿಮೆಯಾಯಿತು. 2007ರ ವರದಿ ಅದು. ಓದಿದ ದಿನ ನನಗೆ ನಿದ್ದೆ ಬರಲಿಲ್ಲ, ನಿಜ ಹೇಳುತ್ತೇನೆ.

ಆಕ್ಸಿಜನ್ ಇದಕ್ಕೆ ಹೇಗೆ ಸೇರಿತು? ಇದು ನನಗೆ ಬಹಳ ಕುತೂಹಲದ ಭಾಗ. ಹುಟ್ಟಿದ ಮೇಲೆ ಹೃದಯದ ಕೋಶಗಳು ಭಾಗವಾಗುವುದನ್ನು ನಿಲ್ಲಿಸುವುದಕ್ಕೆ ಒಂದು ಸೂಚನೆಯೇ ಆಕ್ಸಿಜನ್ ಎಂದು 2014ರಲ್ಲಿ ಇಲಿಗಳಲ್ಲಿ ಗೊತ್ತಾಯಿತು. ಗರ್ಭದ ಕಡಿಮೆ ಆಕ್ಸಿಜನ್ನಿನಿಂದ ಹೊರಗಿನ ಗಾಳಿಗೆ ಬಂದಾಗ ಕೋಶದೊಳಗೆ ಒಂದು ರೀತಿಯ ತುಕ್ಕು ಹಿಡಿಸುವ ಕಣಗಳು ಹೆಚ್ಚುತ್ತವೆ. ಅವು ವಂಶವಾಹಿಗೆ ಪೆಟ್ಟು ಕೊಡುತ್ತವೆ, ಕೋಶ ವಿಭಜನೆ ನಿಲ್ಲುತ್ತದೆ. ಕೆನಡಾದ ಮಾಂಟ್ರಿಯಲ್ ತಂಡ ನವಜಾತ ಇಲಿಮರಿಗಳನ್ನು ಶೇಕಡಾ 80 ಆಕ್ಸಿಜನ್ನಿನಲ್ಲಿ ಒಂದು ವಾರ ಇಟ್ಟಿತು. ದೊಡ್ಡದಾದ ಮೇಲೆ ಅವುಗಳಿಗೆ ಬಿಪಿ ಹೆಚ್ಚು, ಸೂಕ್ಷ್ಮ ರಕ್ತನಾಳಗಳು ಕಡಿಮೆ, ಮೂತ್ರಪಿಂಡದ ಸೋಸುವ ಘಟಕಗಳು ಕಡಿಮೆ. ಸ್ಟೀರಾಯ್ಡ್ ಕೂಡ ಇದೇ ತುಕ್ಕಿನ ದಾರಿಯಲ್ಲಿ ಹಾನಿ ಮಾಡುತ್ತದೆ. ಕೇಂಬ್ರಿಜ್‌ನ ಡೀನೋ ಜುಸಾನಿ ತಂಡ 2013ರಲ್ಲಿ ಸ್ಟೀರಾಯ್ಡ್ ಕೊಟ್ಟ ಇಲಿಮರಿಗಳಿಗೆ ಜೊತೆಗೆ ಸಿ ಮತ್ತು ಇ ವಿಟಮಿನ್ ಕೊಟ್ಟಾಗ ಹೃದಯದ ಹಾನಿ ಕಡಿಮೆಯಾಯಿತು. ಇದನ್ನು ಕೇಳಿ ನಾಳೆ ಯಾರೂ ಮಗುವಿಗೆ ವಿಟಮಿನ್ ಹನಿ ಹಾಕಬೇಡಿ. ಇಲಿಗೆ ಕೊಟ್ಟ ಪ್ರಮಾಣ ಮನುಷ್ಯರ ಕೂಸಿಗೆ ಹೊಂದುವುದಿಲ್ಲ.

ಸುಮ್ನೆ ಹೆದರಿಸಿ ಬಿಡುವುದಕ್ಕೆ ನಾನು ಬಂದಿಲ್ಲ. ಮನುಷ್ಯರಲ್ಲಿ ಏನಾಗಿದೆ ನೋಡೋಣ. ಆಕ್ಲೆಂಡಿನಲ್ಲಿ ಲಿಗಿನ್ಸ್ ಅವರ ಮೊದಲ ಪ್ರಯೋಗದ ಮಕ್ಕಳು ದೊಡ್ಡವರಾದರಲ್ಲ, ಅವರಲ್ಲಿ 534 ಜನರನ್ನು ಮೂವತ್ತನೇ ವಯಸ್ಸಿನಲ್ಲಿ ಕರೆದು ಪರೀಕ್ಷಿಸಿದರು. ತಾಯಿಗೆ ಸ್ಟೀರಾಯ್ಡ್ ಸಿಕ್ಕಿದವರಿಗೂ ಸಿಗದವರಿಗೂ ಬಿಪಿಯಲ್ಲಿ, ಕೊಲೆಸ್ಟ್ರಾಲ್‌ನಲ್ಲಿ ವ್ಯತ್ಯಾಸವಿಲ್ಲ. ಸಕ್ಕರೆ ಕುಡಿಸಿ ನೋಡಿದಾಗ ಸ್ಟೀರಾಯ್ಡ್ ಸಿಕ್ಕಿದವರ ದೇಹ ಇನ್ಸುಲಿನ್ ಸ್ವಲ್ಪ ಹೆಚ್ಚು ಸ್ರವಿಸುತ್ತಿತ್ತು, ಅಷ್ಟೆ. ಐವತ್ತನೇ ವಯಸ್ಸಿನಲ್ಲಿ ಮತ್ತೆ ನೋಡಿದಾಗಲೂ ಹೃದ್ರೋಗದ ಅಪಾಯ ಹೆಚ್ಚು ಕಾಣಲಿಲ್ಲ. ಇದು ಅಪರೂಪದ ನೆಮ್ಮದಿಯ ಸುದ್ದಿ. ಆಕ್ಸ್‌ಫರ್ಡಿನ ಒಂದು ಅಧ್ಯಯನದಲ್ಲಿ ಮಾತ್ರ ಸ್ಟೀರಾಯ್ಡ್ ಪಡೆದ ತಾಯಂದಿರ ಮಕ್ಕಳ ಮಹಾಧಮನಿ ಯೌವನದಲ್ಲಿ ಸ್ವಲ್ಪ ಗಡುಸಾಗಿತ್ತು. ತಾಯಿಗೆ ಒಂದು ಸುತ್ತಿನ ಇಂಜೆಕ್ಷನ್ ಬೇಕು ಎಂದು ವೈದ್ಯರು ಹೇಳಿದರೆ ಹಿಂಜರಿಯಬೇಡಿ. ನನ್ನ ಮಗಳಿಗೇ ಬೇಕಾಗಿದ್ದರೂ ನಾನು ಕೊಡಿಸುತ್ತಿದ್ದೆ.

ಆದರೆ ಬೇಗ ಹುಟ್ಟುವುದೇ ಹೃದಯದ ಮೇಲೆ ಗುರುತು ಬಿಡುತ್ತದೆ. ಔಷಧಿಯ ಪಾಲೆಷ್ಟು, ಬೇಗ ಹುಟ್ಟಿದ್ದರ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಆಕ್ಸ್‌ಫರ್ಡಿನ ಲೆವಾಂಡೋವ್ಸ್ಕಿ ಮತ್ತು ಲೀಸನ್ 2013ರಲ್ಲಿ ಬೇಗ ಹುಟ್ಟಿ ಇಪ್ಪತ್ತು ದಾಟಿದ 102 ಯುವಕ ಯುವತಿಯರ ಹೃದಯವನ್ನು ಎಂಆರ್‌ಐ ಮಾಡಿದರು. ಹೃದಯ ಮೊಟಕಾಗಿತ್ತು, ಒಳಕೋಣೆ ಚಿಕ್ಕದು, ಗೋಡೆ ದಪ್ಪ. ಬೇಗ ಹುಟ್ಟಿದವರ ಬಿಪಿ ಸರಾಸರಿ ಮೂರು ನಾಲ್ಕು ಅಂಕಿ ಹೆಚ್ಚು ಎಂದು ಬಹಳ ಅಧ್ಯಯನಗಳು ಹೇಳಿವೆ. ಸ್ವೀಡನ್ನಿನಲ್ಲಿ 26 ಲಕ್ಷಕ್ಕೂ ಹೆಚ್ಚು ಜನನಗಳ ದಾಖಲೆ ನೋಡಿದಾಗ, 28 ವಾರಕ್ಕೆ ಮೊದಲು ಹುಟ್ಟಿದವರಲ್ಲಿ ಹೃದಯ ವೈಫಲ್ಯ ಹಲವು ಪಟ್ಟು ಹೆಚ್ಚಿತ್ತು. ಗಾಬರಿಯಾಗಬೇಡಿ, ಅಷ್ಟು ಲಕ್ಷದಲ್ಲಿ ಒಟ್ಟು ಪ್ರಕರಣ ಸುಮಾರು ಐನೂರು ಮಾತ್ರ.

ಹುಟ್ಟಿನ ತೂಕಕ್ಕೂ ಹೃದಯಕ್ಕೂ ನಂಟಿದೆ ಎಂಬುದು ನಮ್ಮ ಕನ್ನಡ ನಾಡಿನ ಕಡತಗಳಲ್ಲೂ ಸಿಕ್ಕಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಾವು ಮಿಷನ್ ಆಸ್ಪತ್ರೆ ಎನ್ನುವುದು, 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ ಬರೆದಿಟ್ಟಿತ್ತು. ಆ ಹಳೆಯ ಪುಸ್ತಕ ಹಿಡಿದು ಸಂಶೋಧಕರು ಮೈಸೂರಿನ ಬೀದಿಗಳಲ್ಲಿ ಅದೇ ಮಕ್ಕಳನ್ನು, ಆಗ ನಡುವಯಸ್ಸು ಮುಟ್ಟಿದ್ದವರನ್ನು, ಹುಡುಕಿದರು. 1996ರಲ್ಲಿ ವರದಿ ಬಂತು. ಎರಡೂವರೆ ಕಿಲೋ ಅಥವಾ ಕಡಿಮೆ ಹುಟ್ಟಿದವರಲ್ಲಿ ಹೃದ್ರೋಗ ಶೇಕಡಾ 11. ಮೂರು ಕಿಲೋ ಇನ್ನೂರು ಗ್ರಾಂ ಮತ್ತು ಮೇಲ್ಪಟ್ಟವರಲ್ಲಿ 3. ಆ ಪುಸ್ತಕಗಳನ್ನು ಗೆದ್ದಲು ತಿನ್ನದಂತೆ ಕಾಪಾಡಿದವರು ಯಾರೋ, ಅವರಿಗೆ ನನ್ನ ನಮಸ್ಕಾರ.

ಹಾಗಾದರೆ ನೀವು ಮಾಡಬೇಕಾದ್ದೇನು? ಮೊದಲನೆಯದು ಕಾಗದ. ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದ, ಡಿಸ್ಚಾರ್ಜ್ ಕಾರ್ಡನ್ನು ಜನನ ಪ್ರಮಾಣಪತ್ರದ ಜೊತೆಗೇ ಇಡಿ. ಎಷ್ಟು ವಾರಕ್ಕೆ ಹುಟ್ಟಿತು, ತೂಕ ಎಷ್ಟು, ಆಕ್ಸಿಜನ್ ಎಷ್ಟು ದಿನ, ಸ್ಟೀರಾಯ್ಡ್ ತಾಯಿಗೋ ಮಗುವಿಗೋ, ಯಾವುದು. ಕಾರ್ಡಿನಲ್ಲಿ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಚಾಳ್ ಬಿಟ್ಟು ಡೊಂಬಿವಲಿಗೆ, ಅಲ್ಲಿಂದ ಊರಿಗೆ ಮನೆ ಬದಲಿಸುವಾಗ ಮೊದಲು ಕಳೆದುಹೋಗುವುದು ಇದೇ. ಫೋಟೊ ತೆಗೆದು ಮನೆಯವರೆಲ್ಲರ ಫೋನಿನಲ್ಲಿ ಇಟ್ಟುಬಿಡಿ.

ಎರಡನೆಯದು ಬಿಪಿ. ಸಾಮಾನ್ಯವಾಗಿ ಮಕ್ಕಳಿಗೆ ಮೂರು ವರ್ಷದ ಮೇಲೆ ಬಿಪಿ ನೋಡುತ್ತೇವೆ. 32 ವಾರಕ್ಕೆ ಮೊದಲು ಹುಟ್ಟಿದವರಿಗೆ, ಎನ್‌ಐಸಿಯುನಲ್ಲಿ ಇದ್ದವರಿಗೆ ಅದಕ್ಕೂ ಮೊದಲೇ, ಪ್ರತಿ ಭೇಟಿಯಲ್ಲೂ ನೋಡಬೇಕು. ಮಗುವಿನ ತೋಳಿಗೆ ಹೊಂದುವ ಚಿಕ್ಕ ಪಟ್ಟಿ ಬೇಕು. ದೊಡ್ಡವರ ಪಟ್ಟಿ ಸುತ್ತಿದರೆ ಅಂಕಿ ತಪ್ಪು ಬರುತ್ತದೆ.

ಮೂರನೆಯದು ಹಾಲು. ಆಕ್ಸ್‌ಫರ್ಡಿನ ಅದೇ ತಂಡ 2016ರಲ್ಲಿ ಕಂಡಿದ್ದು, ಬೇಗ ಹುಟ್ಟಿದರೂ ತಾಯಿಯ ಅಥವಾ ದಾನಿಯ ಎದೆಹಾಲು ಮಾತ್ರ ಕುಡಿದವರ ಹೃದಯದ ಕೋಣೆಗಳು ಡಬ್ಬಿ ಹಾಲಿನವರಿಗಿಂತ ಹೆಚ್ಚು ಸಹಜವಾಗಿದ್ದವು. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ ಇಲ್ಲೇ, ಮುಂದಿನ ಸ್ಟೇಷನ್ನಿನಲ್ಲಿದೆ. ಸಯನ್ನಿನ ಲೋಕಮಾನ್ಯ ತಿಲಕ್ ಆಸ್ಪತ್ರೆಯಲ್ಲಿ 1989ರಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಶುರು ಮಾಡಿದ್ದು. ಹಾಲು ಹೆಚ್ಚಿರುವ ಬಾಣಂತಿಯರು ಕೊಡಬಹುದು. ನಿಮ್ಮ ಮನೆಯಲ್ಲಿ ಅಂಥ ಸೊಸೆ, ಮಗಳು ಇದ್ದರೆ ಹೇಳಿ.

ಮಾತಿನ ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡಕ್ಕೆ ಇಲ್ಲೇ ಉತ್ತರಿಸುತ್ತೇನೆ. ಅಸ್ತಮಾ ಇರುವ ಮೊಮ್ಮಗನ ಪಂಪ್ ಕೂಡ ಸ್ಟೀರಾಯ್ಡ್ ಅಲ್ವಾ, ನಿಲ್ಲಿಸಲೇ ಎಂದು ಒಬ್ಬ ಅಜ್ಜಿ ಕೇಳಿದ್ದಾರೆ. ಬೇಡ, ಅಮ್ಮ. ಅದು ಬಹಳ ಸಣ್ಣ ಪ್ರಮಾಣ, ನೇರ ಶ್ವಾಸನಾಳಕ್ಕೆ ಹೋಗುತ್ತದೆ. ಅವನ ಹೃದಯದ ಕೋಶಗಳು ಎಂದೋ ತಯಾರಾಗಿವೆ. ಪಂಪ್ ನಿಲ್ಲಿಸಿದರೆ ಅಸ್ತಮಾ ಕೆರಳುತ್ತದೆ, ಅದೇ ದೊಡ್ಡ ಅಪಾಯ.

ಇನ್ನೊಬ್ಬರು, ಮಗ ಏಳು ತಿಂಗಳಿಗೆ ಹುಟ್ಟಿದವನು, ಈಗ ಜಿಮ್ ಸೇರಿದ್ದಾನೆ, ಹೋಗಬಹುದೇ ಎಂದಿದ್ದಾರೆ. ಖಂಡಿತ ಹೋಗಲಿ. ವ್ಯಾಯಾಮ ಇವರಿಗೆ ಬಹಳ ಒಳ್ಳೆಯದು. ಶುರು ಮಾಡುವ ಮೊದಲು ಬಿಪಿ ನೋಡಿಸಿ. 130/80ಕ್ಕಿಂತ ಮೇಲೆ ಪದೇ ಪದೇ ಬಂದರೆ ವೈದ್ಯರ ಬಳಿ ಕಳಿಸಿ, ಎಷ್ಟು ವಾರಕ್ಕೆ ಹುಟ್ಟಿದ್ದು ಎಂದು ಅವನೇ ಹೇಳಲಿ. ಅವರು ಕೇಳದೇ ಇರಬಹುದು. ಮೈಕಟ್ಟಿಗಾಗಿ ಕೆಲವರು ಗುಟ್ಟಾಗಿ ಮಾರುವ ಇಂಜೆಕ್ಷನ್ ಇದೆಯಲ್ಲ, ಅದು ಬೇರೆ ಜಾತಿಯ ಸ್ಟೀರಾಯ್ಡ್. ಅದು ದೊಡ್ಡವರ ಹೃದಯದ ಗೋಡೆಯನ್ನೇ ದಪ್ಪ ಮಾಡುತ್ತದೆ. ಮೊದಲೇ ದಪ್ಪ ಗೋಡೆ ಇರಬಹುದಾದ ಹೃದಯಕ್ಕೆ ಅದನ್ನು ಮುಟ್ಟಿಸಲೇಬಾರದು. ಇದನ್ನು ಇವತ್ತು ರಾತ್ರಿಯೇ ಮಗನಿಗೆ ಹೇಳಿ.